ಬಾಟ್ಲಿ ಸುರಿಯುವ ಮೊದಲು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ

ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ ಉಡುಪಿಯಲ್ಲಿ ರಿಕ್ಷಾ ಚಾಲಕರು ಮತ್ತು ಸ್ಕೂಟರ್, ಬೈಕ್ ಇರುವವರ ಎದುರು ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ.

ಈಗ ಮೈಕ್ ಸರಿ ಮಾಡುತ್ತಿದ್ದಾಗ ರಿಕ್ಷಾದವರೊಬ್ಬರು ನನ್ನ ಹತ್ತಿರ ಬಂದರು. ಕೈಯಲ್ಲಿ ಸಣ್ಣ ಬಾಟ್ಲಿ. "ಸರ್, ಇದನ್ನು ಆಯಿಲಿಗೆ ಹಾಕಿದ್ರೆ ಪಿಕಪ್ ಬರ್ತದಂತೆ, ಹೊಗೆ ನಿಲ್ತದಂತೆ. ಹಾಕುವುದಾ, ಬೇಡವಾ?" ಅಂತ ಕೇಳಿದರು. ಗ್ಯಾರೇಜಿನಲ್ಲಿ ಕೆಲಸ ಮಾಡಿದಷ್ಟು ವರ್ಷ, ಆಮೇಲೆ ಐಟಿಐ ಮಕ್ಕಳಿಗೆ ಪಾಠ ಮಾಡಿದಷ್ಟು ವರ್ಷ, ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ಹಾಗಾಗಿ ಇವತ್ತು ಇದೊಂದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಆಯಿಲಿಗೆ ಹೊರಗಿನಿಂದ ಏನನ್ನೂ ಸೇರಿಸಬೇಡಿ. ಪೆಟ್ರೋಲಿಗೆ ಹಾಕುವ ಬಾಟ್ಲಿಗಳಲ್ಲಿ ಒಂದು ಜಾತಿಯದ್ದು ಮಾತ್ರ ಕೆಲವು ಗಾಡಿಗಳಿಗೆ ಉಪಯೋಗಕ್ಕೆ ಬರುತ್ತದೆ. ಡೀಸೆಲಿನಲ್ಲೂ ಅಂಥ ಒಂದು ಸಂದರ್ಭ ಉಂಟು, ಅದು ಹೆಚ್ಚಾಗಿ ಮಲ್ಪೆ ಬಂದರಿನ ಬೋಟಿನವರಿಗೆ ಬೇಕಾದದ್ದು. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಅಂಗಡಿಯವರು ಏನೇ ಹೇಳಿದರೂ ನೀವೇ ಯೋಚಿಸಿ ತೀರ್ಮಾನ ಮಾಡಬಹುದು.

ಮೊದಲು ಆಯಿಲ್. ಡಬ್ಬದಲ್ಲಿ ಬರುವುದು ಬರೀ ಎಣ್ಣೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅದರಲ್ಲಿ ನೂರಕ್ಕೆ 75 ರಿಂದ 90 ಭಾಗ ಮೂಲ ಎಣ್ಣೆ. ಉಳಿದ 10 ರಿಂದ 25 ಭಾಗ ಅಡಿಟಿವ್‌ಗಳು, ಗುಣ ಹೆಚ್ಚಿಸಲು ಬೆರೆಸುವ ವಸ್ತುಗಳೇ. ಅಂದರೆ ನೀವು ಹೊಸದಾಗಿ ಹಾಕಬೇಕು ಅಂದುಕೊಂಡದ್ದು ಅದರಲ್ಲಿ ಆಗಲೇ ಇದೆ. ಸತು ಮತ್ತು ರಂಜಕ ಸೇರಿದ ಒಂದು ವಸ್ತು ಇದೆ, ಜಡ್‌ಡಿಡಿಪಿ ಅಂತ ಹೆಸರು. 1940ರ ದಶಕದಿಂದ ಬಳಕೆಯಲ್ಲಿದೆ. ಎಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್ ಮತ್ತು ಅದರ ಎದುರಿನ ಭಾಗ ಒತ್ತಿ ಉಜ್ಜುವಲ್ಲಿ, ಆ ಬಿಸಿ ಮತ್ತು ಒತ್ತಡಕ್ಕೆ ಇದು ಲೋಹದ ಮೇಲೆ ಗಾಜಿನಂಥ ಒಂದು ಪೊರೆ ಕಟ್ಟುತ್ತದೆ. ಕೂದಲಿನ ದಪ್ಪಕ್ಕೆ ಹೋಲಿಸಿದರೆ ಸಾವಿರದಲ್ಲಿ ಒಂದು ಪಾಲು ದಪ್ಪ. ಸವೆಯುವುದು ಆ ಪೊರೆ, ಲೋಹ ಅಲ್ಲ. ಮತ್ತೆ ಕಟ್ಟುತ್ತದೆ, ಮತ್ತೆ ಸವೆಯುತ್ತದೆ. ನನಗೆ ಇದು ಇವತ್ತಿಗೂ ಆಶ್ಚರ್ಯದ ವಿಷಯ.

ಇನ್ನೊಂದು ಡಿಟರ್ಜೆಂಟ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ವಸ್ತು. ಪೆಟ್ರೋಲ್ ಉರಿಯುವಾಗ ಹುಟ್ಟುವ ಹುಳಿಯನ್ನು, ಅಂದರೆ ಆಸಿಡನ್ನು, ಇದು ಕೊಲ್ಲುತ್ತದೆ, ಪಿಸ್ಟನ್ನಿಗೆ ಅಂಟಿದ ಕೊಳೆ ಬಿಡಿಸುತ್ತದೆ. ಮೂರನೆಯದು ಬಿಡಿಸಿದ ಕೊಳೆ ಒಟ್ಟು ಸೇರಿ ಗಸಿ ಆಗದಂತೆ ಎಣ್ಣೆಯಲ್ಲೇ ತೇಲಿಸಿ ಇಡುತ್ತದೆ. ಆಯಿಲ್ ಬೇಗ ಕಪ್ಪಾಯ್ತು, ಕಂಪೆನಿ ಸರಿ ಇಲ್ಲ ಅಂತ ಹೇಳುವವರು ಇದನ್ನು ಗಮನಿಸಬೇಕು. ಕಪ್ಪಾಗಿದೆ ಅಂದರೆ ಕೊಳೆ ಎಂಜಿನ್ನಿನ ಗೋಡೆ ಬಿಟ್ಟು ಎಣ್ಣೆಗೆ ಬಂದಿದೆ ಅಂತ ಅರ್ಥ. ಅದು ಆಗಬೇಕಾದ ಕೆಲಸವೇ. ಇದಲ್ಲದೆ ನೊರೆ ತಡೆಯಲು ಸಿಲಿಕೋನ್, ತುಕ್ಕು ತಡೆಯಲು ಒಂದು, ಬಿಸಿಯಾದಾಗ ಎಣ್ಣೆ ನೀರಿನಂತೆ ತೆಳುವಾಗದಿರಲು ಒಂದು, ಹೀಗೆ ಹೋಗುತ್ತದೆ.

ಇವೆಲ್ಲ ಒಂದರ ಜೊತೆ ಒಂದು ಹೊಂದಿಕೊಂಡು ಇರಬೇಕು. ಅನುಪತ್ಯದ, ಅಂದರೆ ಸಮಾರಂಭದ, ಅಡುಗೆಗೆ ಭಟ್ಟರು ಹದ ನೋಡಿ ಉಪ್ಪು, ಹುಳಿ, ಬೆಲ್ಲ ಹಾಕಿ ಇಳಿಸಿದ ಸಾರಿಗೆ ಬಡಿಸುವವನು ತನ್ನ ಲೆಕ್ಕದಲ್ಲಿ ಇನ್ನೊಂದು ಹಿಡಿ ಉಪ್ಪು ಹಾಕಿದರೆ ಏನಾಗುತ್ತದೆ? ಉಪ್ಪು ಕೆಟ್ಟ ವಸ್ತು ಅಲ್ಲ, ಆದರೆ ಸಾರು ಕೆಟ್ಟಿತು. ಆಯಿಲಿನಲ್ಲೂ ಹಾಗೆಯೇ. ಸವೆತ ತಡೆಯುವ ವಸ್ತುವೂ ಡಿಟರ್ಜೆಂಟೂ ಅದೇ ಲೋಹದ ಮೇಲೆ ಜಾಗಕ್ಕಾಗಿ ಪೈಪೋಟಿ ಮಾಡುತ್ತವೆ. ನೊರೆ ತಡೆಯುವ ಸಿಲಿಕೋನ್ ಅಳತೆ ಮೀರಿದರೆ ಗಾಳಿ ಎಣ್ಣೆಯ ಒಳಗೇ ಸಿಕ್ಕಿಕೊಳ್ಳುತ್ತದೆ. ರಂಜಕ ಜಾಸ್ತಿಯಾದರೆ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಅದಕ್ಕೇ 5ಡಬ್ಲ್ಯು-30, 10ಡಬ್ಲ್ಯು-30 ಥರದ ದಪ್ಪದ ನಂಬರ್ ಇರುವ ಎಣ್ಣೆಗಳಲ್ಲಿ ರಂಜಕ ಶೇಕಡಾ 0.08 ದಾಟಬಾರದು ಅಂತ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಮಿತಿ ಹಾಕಿದೆ. ಕಾರಿನ ಕನ್ವರ್ಟರ್ ಬದಲಿಸಲು ಎಷ್ಟು ಬೇಕು ಅಂತ ಒಮ್ಮೆ ವಿಚಾರಿಸಿ ನೋಡಿ. ಡಬ್ಬದ ಮೇಲೆ ಎಪಿಐ ಎಸ್‌ಪಿ ಅಂತ ಬರೆದಿದ್ದರೆ, ಆ ಮಿಶ್ರಣವನ್ನು ನಿಜವಾದ ಎಂಜಿನ್‌ಗಳಲ್ಲಿ ಓಡಿಸಿ, ಬಿಚ್ಚಿ, ಸವೆತ ಅಳೆದು ನೋಡಿದ್ದಾರೆ ಅಂತ ಅರ್ಥ. ನೀವು ಬಾಟ್ಲಿ ಸುರಿದ ಮೇಲೆ ಅದು ಆ ಮಿಶ್ರಣ ಆಗಿ ಉಳಿಯುವುದಿಲ್ಲ. ನಿಮ್ಮದು ಯಾರೂ ಪರೀಕ್ಷೆ ಮಾಡದ ಹೊಸ ಎಣ್ಣೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನನ್ನ ಹತ್ತಿರ ಒಂದು ಬೈಕ್ ಇತ್ತು. ಒಂದು ಅಂಗಡಿಯಲ್ಲಿ ಘರ್ಷಣೆ ಕಡಿಮೆ ಮಾಡುವ ಬಾಟ್ಲಿ ಕೊಟ್ಟರು. "ಎಂಜಿನ್ ಬೆಣ್ಣೆ ಹಾಗೆ ಓಡ್ತದೆ" ಅಂದರು. ಹಾಕಿದೆ. ಎರಡು ದಿನ ಬಿಟ್ಟು ತೀರ್ಥಹಳ್ಳಿಯಲ್ಲಿ ಒಂದು ಮದುವೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದೆ. ಅಲ್ಲಿ 14 ಹೇರ್‌ಪಿನ್ ತಿರುವು. ಮೂರನೆಯದಕ್ಕೇ ಗಾಡಿ ಕೈಕೊಟ್ಟಿತು. ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಹಿಂದೆ ಬಸ್ಸು ಹಾರ್ನ್ ಹಾಕುತ್ತಿದೆ. ರೇಷ್ಮೆ ಸೀರೆ ಉಟ್ಟ ಹೆಂಡತಿ ಇಳಿದು ಸಣ್ಣ ಮಳೆಯಲ್ಲಿ ತಿರುವಿನಿಂದ ತಿರುವಿಗೆ ನಡೆದಳು. ನಾನು ಖಾಲಿ ಗಾಡಿಯನ್ನು ಹೇಗೋ ಮೇಲೆ ಒಯ್ದು ಕಾದೆ. ಅವಳು ಒಂದು ಮಾತೂ ಅನ್ನಲಿಲ್ಲ. ಅದು ನನಗೆ ಇನ್ನೂ ನೆನಪಿದೆ.

ಆದದ್ದು ಇಷ್ಟು. ಗೇರ್ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿ ಇರುತ್ತವೆ. ಕ್ಲಚ್ ಕೆಲಸ ಮಾಡಬೇಕಾದರೆ ಘರ್ಷಣೆ ಬೇಕು. ಘರ್ಷಣೆ ಕಡಿಮೆ ಮಾಡುವ ವಸ್ತು ಹಾಕಿದರೆ ಪ್ಲೇಟ್ ಹಿಡಿಯುವುದು ಹೇಗೆ? ಕಾರಿನಲ್ಲಿ ಕ್ಲಚ್ ಬೇರೆ ಕಡೆ ಒಣಗಿ ಇರುತ್ತದೆ, ಅದಕ್ಕೆ ಈ ತೊಂದರೆ ಇಲ್ಲ. ಕಾರಿಗೆಂದು ಮಾಡಿದ್ದನ್ನು ಬೈಕಿಗೆ ಹಾಕಿದ್ದೆ. ಆಯಿಲ್ ಎರಡು ಸಲ ಬದಲಿಸಿದರೂ ಸರಿಯಾಗಲಿಲ್ಲ. ಕೊನೆಗೆ ಪ್ಲೇಟ್ ಸೆಟ್ ಹೊಸದು ಹಾಕಿದೆ.

ಜಪಾನಿನವರು ಬೈಕಿಗೆಂದೇ 1998ರಲ್ಲಿ ಜಾಸೊ ಟಿ 903 ಎಂಬ ಮಾನದಂಡ ತಂದದ್ದು ಇದೇ ಕಾರಣಕ್ಕೆ. ಡಬ್ಬದ ಹಿಂದೆ ಜಾಸೊ ಎಂಎ ಅಥವಾ ಎಂಎ2 ಅಂತ ಇದ್ದರೆ ಗೇರ್ ಬೈಕಿಗೆ ಸರಿ. ಎಂಬಿ ಅಂತ ಇದ್ದರೆ ಘರ್ಷಣೆ ಕಡಿಮೆ ಇರುವ ಎಣ್ಣೆ, ಅದು ಗೇರ್ ಇಲ್ಲದ ಸ್ಕೂಟರಿಗೆ. ಸ್ಕೂಟರಿನ ಕ್ಲಚ್ ಒಣ ಕ್ಲಚ್. ಇಷ್ಟು ನೋಡಿ ಆಯಿಲ್ ತೆಗೆದುಕೊಂಡರೆ ಯಾವ ಬಾಟ್ಲಿಗಿಂತಲೂ ಜಾಸ್ತಿ ಲಾಭ.

ಟೆಫ್ಲಾನ್ ಇರುವ ಬಾಟ್ಲಿಯ ಕಥೆಯೂ ಹೇಳಬೇಕು. "ಎಂಜಿನ್ ಒಳಗೆ ಕೋಟಿಂಗ್ ಆಗ್ತದೆ" ಅಂತ ಮಾರುತ್ತಾರೆ. ನಿಮ್ಮ ಮನೆಯ ನಾನ್‌ಸ್ಟಿಕ್ ದೋಸೆ ಕಾವಲಿಯನ್ನೇ ತೆಗೆದುಕೊಳ್ಳಿ. ಅದರ ಮೇಲೆ ಟೆಫ್ಲಾನ್ ಕೂರಿಸಲು ಕಾರ್ಖಾನೆಯಲ್ಲಿ ಲೋಹವನ್ನು ಮೊದಲು ಶುದ್ಧ ಮಾಡಿ, ಒರಟು ಮಾಡಿ, ಆಮೇಲೆ 350 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬೇಯಿಸುತ್ತಾರೆ. ಎಂಜಿನ್ ಆಯಿಲ್ ಓಡುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಎಣ್ಣೆ ತುಂಬಿದ ಲೋಹಕ್ಕೆ ಆ ಬಿಸಿಯಲ್ಲಿ ಟೆಫ್ಲಾನ್ ಪುಡಿ ಹೇಗೆ ಅಂಟೀತು? ಅಮೆರಿಕದಲ್ಲಿ ಸ್ಲಿಕ್ 50 ಅನ್ನುವ ಇಂಥ ಒಂದು ಪದಾರ್ಥ ತುಂಬ ಮಾರಾಟವಾಗುತ್ತಿತ್ತು. ಸವೆತ ಶೇಕಡಾ 50ರ ತನಕ ಕಡಿಮೆ ಆಗುತ್ತದೆ ಅಂತ ಜಾಹೀರಾತು. ಅಲ್ಲಿನ ಸರಕಾರದ ವ್ಯಾಪಾರ ಆಯೋಗ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಆಧಾರ ಇಲ್ಲ ಅಂತ ಪ್ರಕರಣ ಹಾಕಿತು. 1997ರಲ್ಲಿ ಅದು ಇತ್ಯರ್ಥವಾಯಿತು, ಅಂಥ ಮಾತು ಹೇಳಬಾರದು ಅಂತ ಆಯಿತು. ಮೈಲೇಜ್ ಹೆಚ್ಚಿಸುತ್ತದೆ ಅನ್ನುವ ವಸ್ತು, ಉಪಕರಣಗಳನ್ನು ಅಲ್ಲಿನ ಪರಿಸರ ಸಂಸ್ಥೆ ನೂರಕ್ಕೂ ಮಿಕ್ಕಿ ಪರೀಕ್ಷಿಸಿದೆ. ಹೇಳಿಕೊಳ್ಳುವಷ್ಟು ಮೈಲೇಜ್ ಕೊಟ್ಟದ್ದು ಒಂದೂ ಇಲ್ಲ.

"ಆದರೆ ನನಗೆ ಮೈಲೇಜ್ ಬಂದಿದೆ ಸರ್" ಅಂತ ಕೆಲವರು ಹೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ಐನೂರು ರೂಪಾಯಿ ಕೊಟ್ಟು ಬಾಟ್ಲಿ ಹಾಕಿದ ದಿನ ನಾವು ಟಯರಿಗೆ ಗಾಳಿ ಹಾಕಿಸುತ್ತೇವೆ. ಮಂಗಳೂರಿಗೆ ಹೋಗುವಾಗ ಹೆದ್ದಾರಿಯಲ್ಲಿ ಮೆಲ್ಲ ಹೋಗುತ್ತೇವೆ, ಮೀಟರ್ ನೋಡುತ್ತಾ ಹೋಗುತ್ತೇವೆ. ಹೆಚ್ಚಾಗಿ ಅದೇ ದಿನ ಆಯಿಲೂ ಬದಲಿಸಿರುತ್ತೇವೆ. ಲಾಭ ಬಂದದ್ದು ಅದರಿಂದ. ನಿಜವಾಗಿ ನೋಡಬೇಕಾದರೆ ಟ್ಯಾಂಕ್ ಫುಲ್ ಮಾಡಿ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿ ಲೆಕ್ಕ ಹಾಕಿ. ಹಾಗೆ ನಾಲ್ಕೈದು ಟ್ಯಾಂಕ್ ಬಾಟ್ಲಿ ಇಲ್ಲದೆ, ನಾಲ್ಕೈದು ಟ್ಯಾಂಕ್ ಬಾಟ್ಲಿ ಹಾಕಿ. ಒಂದೇ ದಾರಿ, ಒಂದೇ ಹವಾಮಾನ, ಒಂದೇ ಲೋಡು.

ಇನ್ನು ಈ ರಿಕ್ಷಾದವರ ಹೊಗೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಸವೆದಿರಬಹುದು, ವಾಲ್ವ್ ಸೀಲ್ ಗಟ್ಟಿಯಾಗಿ ಒಡೆದಿರಬಹುದು. ಹೊಗೆ ನಿಲ್ಲಿಸುವ ಬಾಟ್ಲಿಯಲ್ಲಿ ಇರುವುದು ಬಹುತೇಕ ಎಣ್ಣೆಯನ್ನು ದಪ್ಪ ಮಾಡುವ ವಸ್ತು. ದಪ್ಪ ಎಣ್ಣೆ ಸಂದಿಯಲ್ಲಿ ಮೆಲ್ಲ ಇಳಿಯುತ್ತದೆ, ಹೊಗೆ ಕಡಿಮೆ ಕಾಣುತ್ತದೆ, ಶಬ್ದವೂ ಕಡಿಮೆ. ರಿಂಗ್ ಮಾತ್ರ ಹಾಗೆಯೇ ಸವೆದೇ ಇದೆ. ಬೆಳಿಗ್ಗೆ ತಣ್ಣಗಿರುವಾಗ ಆ ದಪ್ಪ ಎಣ್ಣೆ ಮೇಲಿನ ಕ್ಯಾಮಿಗೆ ತಲುಪಲು ತಡವಾಗುತ್ತದೆ. ಹಳೇ ಗಾಡಿ ಮಾರುವವರು ಕೆಲವರು ಇದನ್ನು ಬಳಸುತ್ತಾರೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಜಾಗ್ರತೆ, ಆಯಿಲ್ ಬದಲಿಸಿ ಒಂದು ವಾರ ಓಡಿಸಿದ ಮೇಲೆ ನಿಜ ಗೊತ್ತಾಗುತ್ತದೆ. ನೀವು ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿ. ಅದಕ್ಕೆ ತಗಲುವುದು ಆ ಬಾಟ್ಲಿಯಷ್ಟು ದುಡ್ಡೂ ಅಲ್ಲ. ಸೀಲ್ ಮಾತ್ರ ಹೋಗಿದ್ದರೆ ಸಣ್ಣ ಕೆಲಸದಲ್ಲಿ ಮುಗಿಯುತ್ತದೆ.

ಪೆಟ್ರೋಲಿಗೆ ಬರೋಣ. ಒಂದು ಜಾತಿಯ ಬಾಟ್ಲಿ ಉಪಯೋಗಕ್ಕೆ ಬರುತ್ತದೆ ಅಂದೆನಲ್ಲ, ಅದು ಇಂಜೆಕ್ಟರ್ ಕ್ಲೀನರ್. ಅದರಲ್ಲೂ ಪಾಲಿಈಥರ್ ಅಮೀನ್, ಪಿಇಎ ಅಂತ ಹೇಳುವ ವಸ್ತು ಇರುವಂಥದ್ದು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ತೂತು ತುಂಬ ಸಣ್ಣದು. ಅಲ್ಲಿ ಕೊಳೆ ಕಟ್ಟಿದರೆ ಪೆಟ್ರೋಲ್ ಮಂಜಿನಂತೆ ಹರಡುವ ಬದಲು ಹನಿ ಹನಿ ಬೀಳುತ್ತದೆ. ಐಡಲಿಂಗಿನಲ್ಲಿ ಗಾಡಿ ನಡುಗುತ್ತದೆ. ಐವತ್ತು ಅರವತ್ತು ಸಾವಿರ ಕಿಲೋಮೀಟರ್ ಓಡಿದ, ಹೀಗೆ ನಡುಗುವ ಕಾರಿಗೆ ಒಂದು ಟ್ಯಾಂಕಿಗೆ ಒಂದು ಬಾಟ್ಲಿ ಹಾಕಿ ನೋಡಬಹುದು. ಗುಣ ಕಂಡ ಗಾಡಿಗಳನ್ನು ನಾನೇ ನೋಡಿದ್ದೇನೆ. ಪ್ರತಿ ತಿಂಗಳು ಹಾಕಬೇಕಾಗಿಲ್ಲ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೆ ಚಿಮ್ಮಿಸುವ ಹೊಸ ಟರ್ಬೊ ಕಾರುಗಳಲ್ಲಿ ಒಂದು ವಿಷಯ ಗೊತ್ತಿರಲಿ. ಅಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಮೇಲೆ ಬೀಳುವುದೇ ಇಲ್ಲ. ಹಾಗಾಗಿ ವಾಲ್ವಿಗೆ ಕಟ್ಟಿದ ಕಾರ್ಬನ್ನನ್ನು ಟ್ಯಾಂಕಿಗೆ ಹಾಕಿದ ಯಾವ ವಸ್ತುವೂ ತೊಳೆಯಲಾರದು.

ಆಕ್ಟೇನ್ ಬೂಸ್ಟರ್ ಬೇಡವೇ ಬೇಡ. ಆಕ್ಟೇನ್ ಅಂದರೆ ಶಕ್ತಿ ಅಲ್ಲ. ಕಿಡಿಯಿಂದ ಹೊತ್ತಿದ ಬೆಂಕಿ ತಲುಪುವ ಮೊದಲೇ, ಬಿಸಿ ಮತ್ತು ಒತ್ತಡಕ್ಕೆ ತನ್ನಷ್ಟಕ್ಕೆ ಹೊತ್ತಿಕೊಳ್ಳದೆ ತಾಳಿಕೊಳ್ಳುವ ಗುಣ ಅದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಎಂಬ ಆಲ್ಕೋಹಾಲ್ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಬಿಡುಗಡೆಯಾದದ್ದು ನಿಮಗೆ ನೆನಪಿರಬಹುದು. ಎಥನಾಲಿನ ಆಕ್ಟೇನ್ ಸುಮಾರು 108. ಅಂದರೆ ಬೂಸ್ಟರ್ ಆಗಲೇ ಬೆರೆತಿದೆ.

ಈ ಮಾತು ಬಂದಾಗ ಸೀಸದ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1921ರಲ್ಲಿ ಜನರಲ್ ಮೋಟರ್ಸ್‌ನ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಜ್‌ಲಿ ಎಂಬವರು ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ವಸ್ತು ಸ್ವಲ್ಪ ಹಾಕಿದರೆ, ಪೆಟ್ರೋಲ್ ತನ್ನಷ್ಟಕ್ಕೆ ಹೊತ್ತಿಕೊಂಡು ಎಂಜಿನ್ ಕುಟ್ಟುವುದು ನಿಲ್ಲುತ್ತದೆ ಅಂತ ಕಂಡುಹಿಡಿದರು. ನಿಜವಾಗಿಯೂ ನಿಂತಿತು. ಪ್ರಪಂಚದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಅಡಿಟಿವ್ ಇನ್ನೊಂದಿಲ್ಲ. ಆದರೆ ಆ ಸೀಸ ಹೊಗೆಯಲ್ಲಿ ಹೊರಗೆ ಬಂದು ಮಕ್ಕಳ ಮೆದುಳಿಗೆ ಹೋಯಿತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಪ್ರಪಂಚದಲ್ಲಿ ಕೊನೆಗೆ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ನೂರು ವರ್ಷ ಬೇಕಾಯಿತು. ಬಾಟ್ಲಿಯಲ್ಲಿ ಏನಿದೆ ಅಂತ ಬರೆಯದೆ ಮಾರುವುದನ್ನು ನೋಡಿದಾಗ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ.

ಇ20 ಬಂದ ಮೇಲೆ ಮೈಲೇಜ್ ಕಡಿಮೆಯಾಯ್ತು ಅಂತ ತುಂಬ ಜನ ಹೇಳುತ್ತಾರೆ. ಅದು ಭ್ರಮೆ ಅಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಾಖ ಇರುತ್ತದೆ. ಲೆಕ್ಕ ಹಾಕಿದರೆ ಶುದ್ಧ ಪೆಟ್ರೋಲಿಗಿಂತ ಇ20ರಲ್ಲಿ ಶೇಕಡಾ 6ರಿಂದ 7ರಷ್ಟು ಶಾಖ ಕಡಿಮೆ. ಇಲ್ಲದ ಶಾಖವನ್ನು ಐವತ್ತು ಎಂಎಲ್ ಬಾಟ್ಲಿ ತಂದುಕೊಡಲು ಆಗುವುದಿಲ್ಲ. ಹಳೇ ಬೈಕಿನ ರಬ್ಬರ್ ಪೈಪ್, ವಾಷರ್‌ಗಳ ಮೇಲೆ ಕಣ್ಣಿಡಿ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ.

ನಮ್ಮ ಊರಿಗೆ ಇನ್ನೂ ದೊಡ್ಡ ವಿಷಯ ನೀರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲ್ ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ ಒಂದು ಟೀ ಚಮಚ ನೀರು ಕರಗುತ್ತದೆ. 20 ಆದರೆ ಇನ್ನೂ ಜಾಸ್ತಿ ತಾಳುತ್ತದೆ. ಆ ಮಿತಿ ದಾಟಿದರೆ ಎಥನಾಲ್ ನೀರಿನ ಜೊತೆ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದು ತಳದಿಂದ. ಗಾಡಿ ನಿಂತಿತು. ಇಲ್ಲಿ "ವಾಟರ್ ರಿಮೂವರ್" ಅಂತ ಮಾರುತ್ತಾರೆ. ಅಂಥ ಹೆಚ್ಚಿನ ಬಾಟ್ಲಿಗಳಲ್ಲಿ ಇರುವುದು ಇನ್ನೊಂದು ಬಗೆಯ ಆಲ್ಕೋಹಾಲ್. ಐದನೇ ಒಂದು ಪಾಲು ಆಲ್ಕೋಹಾಲೇ ಇರುವ ಪೆಟ್ರೋಲಿಗೆ ಮತ್ತೆ ನಾಲ್ಕು ಚಮಚ ಆಲ್ಕೋಹಾಲ್ ಹಾಕಿ ಏನು ಪ್ರಯೋಜನ ಹೇಳಿ! ನೀರು ಬೇರೆಯಾಗಿದ್ದರೆ ಟ್ಯಾಂಕ್ ಖಾಲಿ ಮಾಡಿಸಲೇಬೇಕು. ಬಾರದಂತೆ ನೋಡಿಕೊಳ್ಳಲು ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ಮಲ್ಪೆಯಿಂದ ಬಂದವರು ನಾಲ್ಕೈದು ಜನ ಇದ್ದೀರಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವೆ. ಅರ್ಧ ಖಾಲಿ ಟ್ಯಾಂಕಿನ ಒಳಗೆ ಗಾಳಿಯ ತೇವ ಬೆವರಿ ತಳದಲ್ಲಿ ನೀರು ನಿಲ್ಲುತ್ತದೆ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತದೆ. ಆಗಸ್ಟಿನಲ್ಲಿ ಹೊರಟ ಬೋಟಿನ ಫಿಲ್ಟರ್ ಕಪ್ಪು ಲೋಳೆಯಿಂದ ಕಟ್ಟಿಕೊಂಡರೆ ನಡು ಸಮುದ್ರದಲ್ಲಿ ಎಂಜಿನ್ ನಿಲ್ಲುತ್ತದೆ. ಇದು ದುಡ್ಡಿನ ಮಾತಲ್ಲ, ಜೀವದ ಮಾತು. ಇಲ್ಲಿ ಅವನ್ನು ಕೊಲ್ಲುವ ಬಯೋಸೈಡ್ ಎಂಬ ಅಡಿಟಿವ್ ನಿಜವಾಗಿ ಬೇಕು. ಆದರೆ ಮೊದಲು ತಳದ ನೀರು ಇಳಿಸಿ, ಟ್ಯಾಂಕ್ ತುಂಬಿಸಿ, ಆಮೇಲೆ ಅಳತೆ ನೋಡಿ ಹಾಕಿ. ಗ್ಲೌಸ್ ಹಾಕಿಕೊಳ್ಳಿ, ಅದು ವಿಷ. ನೀರು ಇಳಿಸದೆ ಬರೀ ಬಯೋಸೈಡ್ ಹಾಕಿದರೆ ಸತ್ತದ್ದೆಲ್ಲ ಫಿಲ್ಟರಿಗೇ ಬರುತ್ತದೆ.

ರಸ್ತೆಯ ಡೀಸೆಲ್ ಗಾಡಿಗಳ ಬಗ್ಗೆ ಎರಡೇ ಮಾತು. ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲಿನಿಂದ, ಡೀಸೆಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 10 ಪಾಲು, ಮಾತ್ರ. ಗಂಧಕ ತೆಗೆಯುವಾಗ ಡೀಸೆಲಿನ ಜಾರುವ ಗುಣವೂ ಹೋಗುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಬೇಕಾದ ವಸ್ತು ನಿಮ್ಮ ಕೈಗೆ ಬರುವ ಮೊದಲೇ ಬೆರೆತಿರುತ್ತದೆ. ಇನ್ನೊಂದು ಮಾತು ಆಡ್‌ಬ್ಲೂ ಬಗ್ಗೆ. ಅದು ಡೀಸೆಲಿಗೆ ಹಾಕುವ ಅಡಿಟಿವ್ ಅಲ್ಲ. ಹೊಗೆ ಶುದ್ಧ ಮಾಡಲು ಬಳಸುವ, ಶೇಕಡಾ 32.5 ಯೂರಿಯಾ ಇರುವ ನೀರು ಅದು, ಅದರ ಟ್ಯಾಂಕೇ ಬೇರೆ, ನೀಲಿ ಮುಚ್ಚಳ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀ ತಿರುಗಿಸಲೇಬೇಡಿ. ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ.

ಹಾಗಾದರೆ ಆ ಐನೂರು ರೂಪಾಯಿ ಎಲ್ಲಿ ಹಾಕುವುದು? ಆಯಿಲ್ ಬೇಗ ಬದಲಿಸುವುದಕ್ಕೆ ಹಾಕಿ. ಕಲ್ಸಂಕದಿಂದ ಮಣಿಪಾಲಕ್ಕೆ ಹೋಗಿ ನಿಲ್ಲಿಸುವ ಸ್ಕೂಟರ್, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಸ್ಕೂಟರ್, ಇವುಗಳ ಎಣ್ಣೆ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ. ಆಯಿಲ್ ಮುಚ್ಚಳ ತೆಗೆದರೆ ಅಡಿಯಲ್ಲಿ ಹಾಲಿನ ಕೆನೆ ಥರ ಕಾಣುತ್ತದೆ, ನೋಡಿದ್ದೀರಲ್ವಾ? ಅಂಥ ಗಾಡಿ ಕಿಲೋಮೀಟರ್ ಕಡಿಮೆ ಓಡಿದೆ ಅಂತ ವರ್ಷಗಟ್ಟಲೆ ಅದೇ ಎಣ್ಣೆಯಲ್ಲಿ ಓಡಿಸಬಾರದು. ಪುಸ್ತಕದಲ್ಲಿ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು ಅಂತ ಬರೆದಿರುತ್ತದೆ. ನಮ್ಮ ಕಡೆ ತಿಂಗಳೇ ಮುಖ್ಯ. ಆಯಿಲ್ ಹಾಕಿಸಿದ ಮೇಲೆ ಖಾಲಿ ಡಬ್ಬಕ್ಕೆ ತೂತು ಮಾಡಿಸಿ. ಒಳ್ಳೆ ಡಬ್ಬಕ್ಕೆ ಕಳಪೆ ಎಣ್ಣೆ ತುಂಬಿಸಿ ಮಾರುವವರ ಕೈಗೆ ಅದು ಹೋಗಬಾರದು. ಹಳೇ ಎಣ್ಣೆಯನ್ನು ತೋಡಿಗೆ ಬಿಡಬೇಡಿ, ದಯವಿಟ್ಟು. ಅದು ಕೊನೆಗೆ ಹೊಳೆಗೇ ಹೋಗುತ್ತದೆ. ಗ್ಯಾರೇಜಿನ ಡ್ರಮ್ಮಿಗೆ ಕೊಡಿ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಆಯಿಲ್ ಬದಲಿಸುವಾಗ ಎಂಜಿನ್ ಫ್ಲಶ್ ಮಾಡಿಸಬೇಕಾ ಅಂತ ಒಬ್ಬರು. ಸಮಯಕ್ಕೆ ಸರಿಯಾಗಿ ಬದಲಿಸಿದ ಗಾಡಿಗೆ ಅದರ ಅಗತ್ಯ ಇಲ್ಲ. ವರ್ಷಗಟ್ಟಲೆ ಬದಲಿಸದ ಗಾಡಿಗೆ ಅದು ಅಪಾಯ. ಒಮ್ಮೆಲೇ ಎದ್ದ ಗಸಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿ ಎಂಜಿನ್ ಸೀಜ್ ಆಗಬಹುದು. ಅಂಥದ್ದಕ್ಕೆ ಒಳ್ಳೆ ಆಯಿಲ್ ಹಾಕಿ, ಸಾವಿರ ಕಿಲೋಮೀಟರಿಗೇ ಮತ್ತೆ ಬದಲಿಸಿ. ಕೊಳೆ ಮೆಲ್ಲ ಮೆಲ್ಲ ಬರುತ್ತದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಒಬ್ಬರು ಎದ್ದು, ಮಗಳ ಬಾಣಂತನಕ್ಕೆ ಮೂರು ತಿಂಗಳು ಮುಂಬೈಗೆ ಹೋಗುತ್ತೇನೆ, ಸ್ಕೂಟರಿಗೆ ಏನು ಹಾಕಿ ಇಡಬೇಕು ಅಂತ ಕೇಳಿದರು. ಅವರಿಗೆ ಹೇಳಿದ್ದು ಇದು. ಹೊರಡುವ ಮುಂಚೆ ಆಯಿಲ್ ಬದಲಿಸಿ, ಹುಳಿ ಇರುವ ಹಳೇ ಎಣ್ಣೆಯಲ್ಲಿ ಎಂಜಿನ್ ನಿಲ್ಲಬಾರದು. ಟ್ಯಾಂಕ್ ಫುಲ್ ಮಾಡಿ, ಬಂಕಿನಿಂದ ಮನೆಗೆ ಓಡಿಸಿಕೊಂಡೇ ಬನ್ನಿ. ಬ್ಯಾಟರಿಯ ಒಂದು ವಯರ್ ಬಿಚ್ಚಿಸಿ. ಟಯರಿಗೆ ಗಾಳಿ ಸರಿ ಇರಲಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಸೈಲೆನ್ಸರಿನ ಬಾಯಿಗೆ ಒಂದು ಬಟ್ಟೆ ತುರುಕಿ, ನಮ್ಮಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಬಂದ ದಿನ ಆ ಬಟ್ಟೆ ತೆಗೆಯಲು ಮರೆಯಬಾರದು, ಅದಕ್ಕೆ ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ ಹೋಗಿ.